ನೀರು ಕುಡಿದ ಫೈಬರ್ ದೋಣಿಯನ್ನು ಚಿತ್ರದುರ್ಗದ ಗಾಳಿಗೆ ಒಣಗಿಸಿದ್ದು: ನನ್ನ ಅನುಭವ

ದಡದಲ್ಲಿ ಬಿಟ್ಟುಹೋದ ಫೈಬರ್ ದೋಣಿಯನ್ನು ಮತ್ತೆ ನೀರಿಗಿಳಿಸಬಹುದು. ಹಿರಿಯೂರಿನಲ್ಲಿ ಮಾಡಿ ತೋರಿಸಿದ್ದೇನೆ. ಕರಾವಳಿಯಲ್ಲಿ ಇದೇ ಕೆಲಸ ಮಾಡುವವರನ್ನು ಕೇಳಿದಾಗ, "ಅದು ಒಣಗಲ್ಲ, ಬಿಟ್ಟುಬಿಡಿ" ಎಂದಿದ್ದರು. ಅವರ ಊರಿಗೆ ಆ ಮಾತು ಸರಿ, ಅಲ್ಲಿ ಗಾಳಿಯಲ್ಲೇ ನೀರಿದೆ. ನಮ್ಮ ಕಡೆಯ ಬೇಸಿಗೆ ಗಾಳಿ ಎಂಥದ್ದು ಅಂತ ಅವರಿಗೆ ಗೊತ್ತಿರಲಿಲ್ಲ.

2022ರ ಸೆಪ್ಟೆಂಬರ್‌ನಲ್ಲಿ ನಮ್ಮ ಮಾರಿಕಣಿವೆ (ವಾಣಿವಿಲಾಸ ಸಾಗರ ಜಲಾಶಯ) ಕೋಡಿ ಬಿತ್ತಲ್ಲ, 1933ರ ನಂತರ ಮೊದಲ ಸಲ. ಬರಗಾಲದಲ್ಲಿ ನೀರು ಹಿಂದೆ ಸರಿದಾಗ ಇದ್ದಲ್ಲೇ ಬಿಟ್ಟಿದ್ದ ದೋಣಿ ಅದಕ್ಕೂ ಮೊದಲೇ ಮುಳುಗಿತ್ತು. 16-17 ಅಡಿ ಉದ್ದದ್ದು. ಮೊದಲು ವರ್ಷಗಟ್ಟಲೆ ಬಿಸಿಲಿಗೆ ಜೆಲ್‌ಕೋಟ್, ಅಂದರೆ ಫೈಬರಿನ ಮೇಲಿನ ನುಣುಪು ಪದರ, ಸೀಳಿತ್ತು, ಆಮೇಲೆ ಆ ಸೀಳಿನಲ್ಲೇ ನೀರು ಇಳಿದಿತ್ತು. ಬಿಟ್ಟ ದೋಣಿ ಅಂದ್ರೆ ಯಾರದ್ದೂ ಅಲ್ಲ ಅಂತಲ್ಲ. ಮಾಲೀಕರನ್ನು ಹುಡುಕಿ, 6 ಸಾವಿರ ಕೊಟ್ಟು, ಕಾಗದ ಬರೆಸಿಕೊಂಡೆ. ಟ್ರ್ಯಾಕ್ಟರ್, ಆಳು ಸೇರಿ ಎಳೆಸುವುದಕ್ಕೇ ಹೆಚ್ಚೂಕಮ್ಮಿ ಅಷ್ಟೇ ಹೋಯಿತು.

ಗುಜರಿಯವರು ಇದನ್ನು ಮುಟ್ಟಲ್ಲ. ಗುಜರಾತಿನ ಅಲಂಗ್‌ನಲ್ಲಿ ಹಡಗು ಒಡೆದರೆ ಉಕ್ಕಿನ ತಗಡು ರೀರೋಲಿಂಗ್ ಮಿಲ್ಲಿಗೆ ಹೋಗುತ್ತದೆ, ದುಡ್ಡು ಹುಟ್ಟುತ್ತದೆ. ಫೈಬರ್ ದೋಣಿಯ ಗಾಜಿನ ನಾರನ್ನು ಹಿಡಿದಿಡುವ ಪಾಲಿಯೆಸ್ಟರ್ ರೆಸಿನ್ ಒಮ್ಮೆ ಗಟ್ಟಿಯಾದರೆ ಮತ್ತೆ ಕರಗಲ್ಲ. ಸುಟ್ಟರೆ ಕೆಟ್ಟ ಕಪ್ಪು ಹೊಗೆ, ಕೊನೆಗೆ ಗಾಜಿನ ನಾರು ಅಲ್ಲೇ ಉಳಿಯುತ್ತದೆ. ಕೆರೆ ದಂಡೆಯಲ್ಲಿ ದನ ಮೇಯುವ ಜಾಗದಲ್ಲಿ ಅದು ಬಿದ್ದಿರುವುದು ನನಗೆ ಸಹಿಸಲ್ಲ.

ತಳದ ತುಂಬ ಗುಳ್ಳೆ ಎದ್ದಿತ್ತು. ಉಪ್ಪುನೀರಿಗಿಂತ ಸಿಹಿನೀರಿನಲ್ಲೇ ಗುಳ್ಳೆ ಜಾಸ್ತಿ, ಸಿಹಿನೀರು ಬೇಗ ಒಳಗೆ ಇಳಿಯುತ್ತದೆ. ಸ್ಕ್ರೂಡ್ರೈವರ್ ತುದಿಯಿಂದ ಚುಚ್ಚಿದರೆ ಕಂದು ಬಣ್ಣದ ಅಂಟುನೀರು ಚಿಮ್ಮುತ್ತದೆ, ವಿನಿಗರ್ ವಾಸನೆ. ಕಣ್ಣಿಗೆ ಕನ್ನಡಕ ಇರಲೇಬೇಕು.

ಮೊದಲ ವರ್ಷ ರೆಸಿನ್ ಬಳಿದು ಹಾಕಿದ ಮ್ಯಾಟು (ಗಾಜಿನ ನಾರಿನ ಹಾಸು) ನಿಲ್ಲಲಿಲ್ಲ. ಮೇಲೆ ಒಣಗಿತ್ತು, ಒಳಗೆ ನೀರಿತ್ತು. ಮಳೆಗಾಲದ ಹೊತ್ತಿಗೆ ಕಾವಲಿಯಿಂದ ದೋಸೆ ಎದ್ದ ಹಾಗೆ ಎದ್ದು ಬಂತು. ರೆಸಿನ್, ಮ್ಯಾಟು, ಕೂಲಿ ಸೇರಿ 9-10 ಸಾವಿರ ನೀರಲ್ಲಿ ಹೋಮ. ಊರಲ್ಲಿ ಮಾತಾಡುವವರಿಗೆ ಅಷ್ಟೇ ಸಾಕಾಯಿತು.

ಎರಡನೇ ಸಲ ಜೆಲ್‌ಕೋಟ್ ಪೂರ್ತಿ ತೆಗೆಸಿದೆ. ದೋಣಿ ತೇಲಲೆಂದು ನೆಲದಡಿ ತುಂಬಿದ್ದ ಫೋಮ್ ಅಗೆದಾಗ ಅದು ಬೊಗಸೆಯಲ್ಲೇ ಹಿಂಡುವಷ್ಟು ನೀರು ಕುಡಿದಿತ್ತು, ಎಲ್ಲ ಎಸೆದೆ. ಹಿಂಬದಿಯ ಪ್ಲೈವುಡ್ ಕೊಳೆತು ಪುಡಿಯಾಗಿತ್ತು, ಹೊಸದು ಕೂರಿಸಿದೆ. ದೋಣಿ ಬೋರಲು ಹಾಕಿ, ಗುಳ್ಳೆಯ ಗುಂಡಿಗಳನ್ನು ಬಿಸಿನೀರಿನಿಂದ ಮತ್ತೆ ಮತ್ತೆ ತೊಳೆಸಿದೆ. ಆ ಹುಳಿ ಹೋಗದೆ ಫೈಬರ್ ಒಣಗುವುದೇ ಇಲ್ಲ. ತೊಳೆಯುವ ನೀರಿಗೆ ನಾನು ಬೆರೆಸುವುದು ಒಂದಿದೆ, ಅದು ನನ್ನ ಹತ್ತಿರವೇ ಇರಲಿ.

ಸಂಕ್ರಾಂತಿ ಕಳೆದ ಮೇಲೆ ಗಾಳಿಗೆ ಬಿಟ್ಟೆ. ಬಿಸಿಲಿಗಲ್ಲ, ಮೇಲೆ ಚಪ್ಪರ ಹಾಕಿ, ಗಾಳಿ ಎರಡೂ ಕಡೆಯಿಂದ ಹಾಯುವ ಹಾಗೆ. ಒಂದಡಿ ಪ್ಲಾಸ್ಟಿಕ್ ಹಾಳೆಯನ್ನು ಟೇಪ್ ಹಚ್ಚಿ ತಳಕ್ಕೆ ಅಂಟಿಸಿ, ಬೆಳಗ್ಗೆ ನೋಡುವುದು. ಮೊದಮೊದಲು ಹಾಳೆಯೊಳಗೆ ಹನಿ ಸಾಲುಗಟ್ಟಿರುತ್ತಿತ್ತು. ಯುಗಾದಿ ಹೊತ್ತಿಗೆ ಹಾಳೆ ಒಣಗಿತ್ತು. ಚೈನ್ ಪುಲ್ಲಿಗೆ ತಕ್ಕಡಿ ಕಟ್ಟಿ ತೂಗಿದರೆ, ಎಳೆದು ತಂದಾಗ 500 ಕೆಜಿ ಹತ್ತಿರ ಇದ್ದದ್ದು 330 ಆಸುಪಾಸಿಗೆ ಇಳಿದಿತ್ತು. ಫೋಮಿನ ಪಾಲೇ ದೊಡ್ಡದು, ನಿಜ. ಆದರೂ ಒಣಗಲ್ಲ ಎಂದವರಿಗೆ ಆ ಹಾಳೆಯ ಫೋಟೊ ಕಳಿಸಿದೆ.

ಮೇಲಿನ ಪದರಕ್ಕೆ ಎಪಾಕ್ಸಿ ರೆಸಿನ್ನೇ ಹಾಕಿದೆ. ಹಳೆ ಫೈಬರಿಗೆ ಪಾಲಿಯೆಸ್ಟರಿಗಿಂತ ಅದು ಚೆನ್ನಾಗಿ ಕಚ್ಚುತ್ತದೆ. ಬೆಲೆ ಮಾತ್ರ ಮೂರ್ನಾಲ್ಕು ಪಟ್ಟು. ಎಪಾಕ್ಸಿ ಜೊತೆ ಮಾಮೂಲಿ ಮ್ಯಾಟ್ ಬೇಡ, ಅದರ ಅಂಟು ಇದರಲ್ಲಿ ಕರಗಲ್ಲ, ನೇಯ್ದ ಬಟ್ಟೆ ಬೇಕು. ಸೆಕೆ ಇದೆ ಅಂತ ರೆಸಿನ್ ಗಟ್ಟಿಯಾಗಿಸುವ ಹಾರ್ಡ್ನರ್ ಕಡಿಮೆ ಹಾಕುವ ಹಾಗೂ ಇಲ್ಲ, ಅಳತೆ ಅಳತೆಯೇ. ಸ್ವಲ್ಪ ಸ್ವಲ್ಪ ಕಲಸಿ, ಬೆಳಗ್ಗೆ 9ರೊಳಗೆ ಮುಗಿಸುತ್ತಿದ್ದೆವು. ಇಲ್ಲವಾದರೆ ಡಬ್ಬದಲ್ಲೇ ಹೊಗೆಯಾಡಿ ಕಲ್ಲಾಗುತ್ತದೆ.

ನಡುವೆ ಒಂದು ಬೇರೆ ಪ್ರಯೋಗವೂ ಆಯಿತು. ಉಜ್ಜಿದ ಫೈಬರ್ ಪುಡಿಯನ್ನು ಸಿಮೆಂಟಿಗೆ ಬೆರೆಸಿ ಬ್ಲಾಕ್ ಎರಕ ಹೊಯ್ದೆ. ಮೊದಲು ಗಟ್ಟಿ ಕಂಡಿತು, ಕ್ರಮೇಣ ಅಂಚು ಉದುರಿತು. ಸಿಮೆಂಟಿನ ಕ್ಷಾರ ಈ ಗಾಜನ್ನು ತಿನ್ನುತ್ತದೆ. ರಿಪೇರಿ ಮೀರಿದ ಇನ್ನೊಂದು ದೋಣಿಯನ್ನು ಅಡ್ಡ ಕೊಯ್ದು ಎರಡು ಬಾನಿ ಮಾಡಿದ್ದು ಮಾತ್ರ ಗೆದ್ದಿತು. ಈಗ ಅದರಲ್ಲಿ ಕುರಿ ನೀರು ಕುಡಿಯುತ್ತವೆ. ಕೊಯ್ದ ಅಂಚಿಗೆ ರೆಸಿನ್ ಬಳಿದು, ವಾಸನೆ ಹೋಗುವವರೆಗೆ ಬಿಸಿಲಲ್ಲಿಟ್ಟು, ಚೆನ್ನಾಗಿ ತೊಳೆದೇ ಕೊಡಬೇಕು.

ಹಾಳಾದ ಮೊದಲ ವರ್ಷದ ದುಡ್ಡೂ ಸೇರಿ ಒಟ್ಟು 55 ಸಾವಿರ ಬಿತ್ತು ಅಂತ ನೆನಪು. ಅಷ್ಟೇ ಉದ್ದದ ಹೊಸದಕ್ಕೆ ಒಂದೂವರೆ ಲಕ್ಷದ ಮೇಲೆ ಹೇಳಿದ್ದರು. ದೋಣಿ ಎರಡು ಮಳೆಗಾಲ ನೀರಲ್ಲಿ ಕಳೆದಿದೆ, ಒಂದು ಗುಳ್ಳೆಯೂ ಎದ್ದಿಲ್ಲ. ಈಗ ಸೂಳೆಕೆರೆ ದಂಡೆಯಲ್ಲಿ ಇನ್ನೊಂದು ನೋಡಿ ಬಂದಿದ್ದೇನೆ, ಇದಕ್ಕಿಂತ ದೊಡ್ಡದು. 8 ಸಾವಿರ ಕೇಳುತ್ತಿದ್ದಾರೆ. 5ಕ್ಕೆ ಒಪ್ಪಿಸಿ ಸಂಕ್ರಾಂತಿಯೊಳಗೆ ತರಬೇಕು.