ಒರೆಗಾನ್ ಒಣನಾಡಿನಲ್ಲಿ ದನಕ್ಕೆ ನೀರು: ನನ್ನ ಅನುಭವ

ಅಮೆರಿಕದ ಒರೆಗಾನ್ ರಾಜ್ಯದ ಹಾರ್ನಿ ಕೌಂಟಿಯ (ಜಿಲ್ಲೆಯಂಥದ್ದು) ಒಂದು ರಾಂಚ್‌ನಲ್ಲಿ, ಅಂದರೆ ದನ ಸಾಕುವ ದೊಡ್ಡ ಜಮೀನಿನಲ್ಲಿ, ನಾನು ನೀರಿನ ಕೆಲಸ ನೋಡಿಕೊಳ್ಳುತ್ತೇನೆ. ಇಲ್ಲಿನ ಬರ್ನ್ಸ್ ಊರು ಸಮುದ್ರಮಟ್ಟದಿಂದ 1,200 ಮೀಟರ್‌ಗಿಂತ ಎತ್ತರದಲ್ಲಿದೆ. ಮಳೆ, ಹಿಮ ಎರಡೂ ಸೇರಿ ವರ್ಷಕ್ಕೆ ಹತ್ತು-ಹನ್ನೊಂದು ಇಂಚು, ಅಷ್ಟೇ.

ದನ ನೀರು ಬಿಟ್ಟು ತುಂಬಾ ದೂರ ಮೇಯಲು ಹೋಗುವುದಿಲ್ಲ. ಒರತೆಯ ಸುತ್ತ ನೆಲ ಬೋಳು, ಆಚೆ ಗುಡ್ಡದಲ್ಲಿ ಹುಲ್ಲು ಸುಮ್ನೆ ಒಣಗುತ್ತದೆ. ಹಾಗಾಗಿ ನಾವು ಒರತೆಗೆ ಬೇಲಿ ಹಾಕಿ, ನೀರನ್ನೇ ಹುಲ್ಲಿದ್ದ ಕಡೆ ಒಯ್ಯುತ್ತೇವೆ.

ಮೊದಲು ಬಕೆಟ್ ಹಿಡಿದು ನೀರು ಅಳೆಯುತ್ತೇನೆ, ಅದೂ ಬೇಸಿಗೆಯ ಕೊನೆಯಲ್ಲಿ. ಏಪ್ರಿಲ್‌ನಲ್ಲಿ ಹಿಮ ಕರಗಿದ ನೀರು ನೋಡಿ ಖುಷಿಪಟ್ಟರೆ ಕೆಟ್ಟೆವು! ನಿಮಿಷಕ್ಕೆ 1 ಲೀಟರ್ ಬಂದರೆ ದಿನಕ್ಕೆ 1,440 ಲೀಟರ್. ಸುಡು ಬಿಸಿಲಲ್ಲಿ ಕರು ಇರುವ ಹಸು 70 ಲೀಟರ್‌ವರೆಗೂ ಕುಡಿಯುತ್ತದೆ. ಅಂದರೆ ಇಪ್ಪತ್ತು ಹಸುಗಳಿಗೆ ಸಾಕು. ಸಣ್ಣ ಒರತೆ ಅಂತ ಬಿಡಬೇಡಿ.

ಜಮೀನು ಸರ್ಕಾರದ್ದಾದರೆ ಅಗೆಯುವ ಮೊದಲು ಅನುಮತಿ ಬೇಕು. ನೀರಿನ ಹಕ್ಕೂ ನೋಡಬೇಕು: 1909ರ ಕಾನೂನಿನಂತೆ ಇಲ್ಲಿ ಮೊದಲು ಬಳಸಿದವರಿಗೆ ಮೊದಲ ಹಕ್ಕು.

ನೀರು ಜಿನುಗುವ ಕಡೆ ಗಟ್ಟಿ ಜೇಡಿ ಸಿಗುವವರೆಗೆ ಅಗೆದು, ತೂತಿನ ಪೈಪ್ ಇಟ್ಟು, ತೊಳೆದ ಜಲ್ಲಿ ಸುರಿಯುತ್ತೇವೆ. ಮೇಲೆ ಪ್ಲಾಸ್ಟಿಕ್, ಮಣ್ಣು. ಅಲ್ಲಿಂದ ಹೂಳು ಕೂರಲು ಒಂದು ಪೆಟ್ಟಿಗೆ, ಆಮೇಲೆ ಇಳಿಜಾರಲ್ಲಿ ಪೈಪ್. ಸೋಲಾರ್ ಪಂಪ್ ಚೆನ್ನಾಗಿದೆ, ಆದರೆ ಇಳಿಜಾರು ಇರುವಾಗ ಅದರ ಗೊಡವೆ ಯಾಕೆ ಅಲ್ವಾ?

ತೊಟ್ಟಿಗೆ ನನ್ನ ಆಯ್ಕೆ ಗಣಿ ಯಂತ್ರದ ಹಳೇ ಟೈರು. ಒಂದು ಬದಿ ಕೊಯ್ದು, ನಡುವಿನ ತೂತಿಗೆ ಕಾಂಕ್ರೀಟ್ ತುಂಬುತ್ತೇವೆ. ಹೋರಿ ಗುದ್ದಿದರೂ ಜಗ್ಗಲ್ಲ. ಒಳಗೆ ಬಿದ್ದ ಹಕ್ಕಿ ಹತ್ತಿ ಬರಲು ಜಾಲರಿಯ ಏಣಿ ಬೇಕೇ ಬೇಕು, ಅದು ಗೋಡೆಗೆ ಅಂಟಿಕೊಂಡಿರಬೇಕು. ನೀರಿಗೆ ಬಿದ್ದ ಹಕ್ಕಿ ಅಂಚು ಹಿಡಿದೇ ಈಜುತ್ತದೆ. ಸಂದು ಇದ್ದರೆ ಏಣಿಯ ಹಿಂದೆ ನುಗ್ಗಿ ಸಾಯುತ್ತದೆ. ಸತ್ತ ಹಕ್ಕಿಯ ನೀರು ದನಕ್ಕೂ ಒಳ್ಳೆಯದಲ್ಲ. ತುಂಬಿ ಹರಿದ ನೀರನ್ನು ಪೈಪ್‌ನಲ್ಲಿ ಹಳೇ ಹಳ್ಳಕ್ಕೇ ಬಿಡುತ್ತೇವೆ, ಇಲ್ಲದಿದ್ದರೆ ತೊಟ್ಟಿ ಸುತ್ತ ಮೊಣಕಾಲುದ್ದ ಕೆಸರು.

ದನ ಬೇರೆ ಕಡೆ ಕಳಿಸಬೇಕಾದಾಗ ಮುಂದಿನ ತೊಟ್ಟಿ ತುಂಬಿಸಿ, ಈ ವಾಲ್ವ್ ಮುಚ್ಚುತ್ತೇವೆ. ಜಾಸ್ತಿ ದನ ತಾವೇ ಹೋಗುತ್ತವೆ. ಕೆಲವು ಮೊಂಡು ಹಸುಗಳು ಖಾಲಿ ತೊಟ್ಟಿ ಮುಂದೆ ನಿಂತು ಕೂಗುತ್ತಿರುತ್ತವೆ, ಅವನ್ನು ಕುದುರೆ ಹತ್ತಿ ಅಟ್ಟಲೇಬೇಕು.