ನೆದರ್ಲೆಂಡ್ಸ್‌ನಲ್ಲಿ ಮಂತ್ರಿ ಆದವರು ಸಂಸದರಾಗಿ ಉಳಿಯುವುದಿಲ್ಲ, ಯಾಕೆ?

ನೆದರ್ಲೆಂಡ್ಸ್‌ಗೆ ಹೊಸದಾಗಿ ಬಂದ ನಮ್ಮವರಿಗೆ ಇದು ವಿಚಿತ್ರ ಅನ್ನಿಸುತ್ತದೆ. ಭಾರತದಲ್ಲಿ ಮಂತ್ರಿ ಆದವರು ಸಂಸತ್ತಿನ ಸದಸ್ಯರಲ್ಲದಿದ್ದರೆ 6 ತಿಂಗಳೊಳಗೆ ಆಗಲೇಬೇಕು. ಇಲ್ಲಿ ಪೂರ್ತಿ ಉಲ್ಟಾ. ಮಂತ್ರಿ ಆದರೆ ಸಂಸತ್ತಿನ ಸೀಟು ಬಿಡಬೇಕು. ಸಂವಿಧಾನದ 57ನೇ ವಿಧಿ ಹೇಳುವುದು ಇದನ್ನೇ. 1938ರಿಂದ ನಿಯಮ ಹೀಗೇ ಇದೆ. ಖಾಲಿಯಾದ ಸೀಟಿಗೆ ಉಪಚುನಾವಣೆ ಇಲ್ಲ, ಪಕ್ಷದ ಅಭ್ಯರ್ಥಿಗಳ ಪಟ್ಟಿಯಲ್ಲಿ ಮುಂದಿನ ಸರದಿಯವರು ಬರುತ್ತಾರೆ. ಚುನಾವಣೆಯ ನಂತರ ಹೊಸ ಸರ್ಕಾರ ಬರುವ ತನಕ ಕೆಲಸ ನೋಡಿಕೊಳ್ಳುವ ಹಳೇ ಮಂತ್ರಿಗಳಿಗೆ ಮಾತ್ರ ವಿನಾಯಿತಿ.

ಹೇಗ್‌ಗೆ ಹೋದಾಗ ಕೆಳಮನೆ, ಅಂದರೆ ಟ್ವೇಡೆ ಕಾಮರ್, ಒಮ್ಮೆ ನೋಡಿ. ಗುರುತಿನ ಚೀಟಿ ಜೊತೆಗಿರಲಿ. 150 ಸದಸ್ಯರಿಗೆ ನೀಲಿ ಕುರ್ಚಿಗಳು. ಮಂತ್ರಿಗಳು ಅವರ ನಡುವೆ ಕೂರುವುದಿಲ್ಲ, 'ಫಾಕ್ ಕಾ' ಅನ್ನುವ ಬೇರೆಯೇ ಜಾಗದಲ್ಲಿ ಕೂರುತ್ತಾರೆ. ಚರ್ಚೆಯ ನಡುವೆ ಸದಸ್ಯರು ಎದ್ದು ಬಂದು ಮೈಕ್ ಹಿಡಿದು ನಿಲ್ಲುತ್ತಾರೆ. ಮಂತ್ರಿ ಮಾತು ನಿಲ್ಲಿಸಿ ಉತ್ತರ ಕೊಡಬೇಕು. ಮತಕ್ಕೆ ಹಾಕಿದಾಗ ಮಂತ್ರಿಗೆ ಕೈ ಎತ್ತುವ ಹಕ್ಕೂ ಇಲ್ಲ.

ನನಗೆ ಇದು ಸರಿ ಅನ್ನಿಸುತ್ತದೆ. ತನ್ನ ಕೆಲಸಕ್ಕೆ ತಾನೇ ಮಾರ್ಕ್ಸ್ ಹಾಕಿಕೊಳ್ಳುವುದು ಹೇಗೆ ಸರಿ? ಮಕ್ಕಳ ಪಾಲನೆಗೆ ಕೊಡುವ ಭತ್ಯೆಯ ಹಗರಣವನ್ನೇ ನೋಡಿ. ಸಾವಿರಾರು ತಂದೆತಾಯಿಗಳಿಗೆ ತೆರಿಗೆ ಇಲಾಖೆ ಮೋಸಗಾರರು ಅಂತ ಹಣೆಪಟ್ಟಿ ಹಚ್ಚಿತ್ತು. ಅದನ್ನು ಕೆದಕಿದವರಲ್ಲಿ ಒಬ್ಬರು ಆಗ ಸಂಸದರಾಗಿದ್ದ ಪೀಟರ್ ಓಮ್ಟ್ಸಿಗ್ಟ್. ಅವರ ಪಕ್ಷವೇ ಸರ್ಕಾರದಲ್ಲಿತ್ತು, ಆದರೂ ಬಿಡದೆ ಕೇಳಿದರು. 2021ರ ಜನವರಿಯಲ್ಲಿ ಇಡೀ ಸಂಪುಟ ರಾಜೀನಾಮೆ ಕೊಟ್ಟಿತು.

ಇದಕ್ಕೆ ಇನ್ನೊಂದು ಮುಖವೂ ಇದೆ. 2024ರಲ್ಲಿ ನಾಲ್ಕು ಮಿತ್ರಪಕ್ಷಗಳ ನಾಯಕರೂ ಸದನದಲ್ಲೇ ಉಳಿದರು. ಪ್ರಧಾನಿ ಆದವರು ಡಿಕ್ ಸ್ಕೋಫ್, ಯಾವ ಪಕ್ಷಕ್ಕೂ ಸೇರದ ಹಿರಿಯ ಅಧಿಕಾರಿ. ಹಿಡಿತ ಮಾತ್ರ ನಾಯಕರ ಕೈಯಲ್ಲೇ ಇತ್ತು. 2025ರ ಜೂನ್‌ನಲ್ಲಿ ಆ ನಾಲ್ವರಲ್ಲಿ ಒಬ್ಬರಾದ ಗೀರ್ಟ್ ವಿಲ್ಡರ್ಸ್ ಬೆಂಬಲ ಹಿಂತೆಗೆದರು, ಸರ್ಕಾರ ಬಿತ್ತು. ಅಧಿಕಾರ ಒಬ್ಬರದು, ಹೊಣೆ ಇನ್ನೊಬ್ಬರದು ಆದರೆ ಕಷ್ಟ ಅಲ್ವಾ? ಆದರೂ ಅದು ನಾಯಕರು ಮಾಡಿಕೊಂಡ ಆಯ್ಕೆ, ಮಂತ್ರಿ ಆಗಬೇಡಿ ಅಂತ ನಿಯಮವೇನೂ ಹೇಳಿರಲಿಲ್ಲ.

ನಮಗೆ ಇದರಿಂದ ಏನು ಉಪಯೋಗ? ವೀಸಾ, ತೆರಿಗೆ ವಿಷಯದಲ್ಲಿ ನಿಯಮವೇ ತೊಂದರೆ ಕೊಡುತ್ತಿದ್ದರೆ ಸುಮ್ನೆ ಮಂತ್ರಿಗೆ ಮಾತ್ರ ಬರೆದು ಕಾಯಬೇಡಿ. ಆ ವಿಷಯ ನೋಡಿಕೊಳ್ಳುವ ಸಂಸದರಿಗೂ ಇಮೇಲ್ ಮಾಡಿ. ಅದಕ್ಕೆ ಡಚ್ ಪಾಸ್‌ಪೋರ್ಟ್ ಬೇಕಿಲ್ಲ. ಅವರು ಲಿಖಿತ ಪ್ರಶ್ನೆ ಹಾಕಿದರೆ ಮಂತ್ರಿ 3 ವಾರದಲ್ಲಿ ಉತ್ತರಿಸಬೇಕು, ಅಥವಾ ತಡ ಯಾಕೆ ಅಂತ ಹೇಳಬೇಕು.

ಊರಿನ ಮಟ್ಟದಲ್ಲೂ 2002ರಿಂದ ಇದೇ ಪದ್ಧತಿ. ನಗರದ ಆಡಳಿತ ನಡೆಸುವ ವೆಟ್‌ಹೌಡರ್ ಕೌನ್ಸಿಲ್ ಸದಸ್ಯರಾಗಿರುವಂತಿಲ್ಲ. 5 ವರ್ಷ ಸತತವಾಗಿ, ಕಾನೂನುಬದ್ಧವಾಗಿ ಇಲ್ಲಿದ್ದರೆ ಭಾರತದ ಪಾಸ್‌ಪೋರ್ಟ್ ಇದ್ದರೂ ಈ ಚುನಾವಣೆಯಲ್ಲಿ ನಿಮಗೆ ವೋಟು ಇದೆ. ನೀವು ಗೆಲ್ಲಿಸಿದವರು ವೆಟ್‌ಹೌಡರ್ ಆದರೆ, ಅವರ ಮೇಲಿನ ದೂರನ್ನು ಅವರ ಕುರ್ಚಿಗೆ ಬಂದ ಹೊಸ ಸದಸ್ಯರ ಹತ್ತಿರ ಒಯ್ಯಬಹುದು.