ಮೊದಲ ನಾಮಫಲಕ ಕೆತ್ತುವವರೆಗೆ: ಮನೆಯಲ್ಲೊಂದು ಪುಟ್ಟ ಸಿಎನ್‌ಸಿ

ಕೊಪ್ಪಳ ಸೀಮೆಯಲ್ಲಿ ಸಿಎನ್‌ಸಿ (ಕಂಪ್ಯೂಟರ್ ಹೇಳಿದಂತೆ ಕಟ್ಟಿಗೆ ಕೆತ್ತುವ ಯಂತ್ರ) ಎಂದ ಕೂಡಲೇ ಎದುರಾಗುವ ಪ್ರಶ್ನೆ, ‘ಇದರಾಗ ಕಿನ್ನಾಳ ಗೊಂಬಿ ಮಾಡಬಹುದೇನ್ರಿ?’ ಆಗುವುದಿಲ್ಲ. ಮನೆಯಲ್ಲಿಡುವಂಥ ಯಂತ್ರದ ಬಿಟ್ (ತಿರುಗುತ್ತ ಕೊಯ್ಯುವ ಮೊನೆ) ಎಡಕ್ಕೆ ಬಲಕ್ಕೆ, ಹಿಂದಕ್ಕೆ ಮುಂದಕ್ಕೆ, ಮೇಲಕ್ಕೆ ಕೆಳಕ್ಕೆ ಓಡಾಡುತ್ತದೆ, ಅಷ್ಟೇ. ನೆತ್ತಿಯ ಮೇಲಿಂದ ನೇರ ಇಳಿಯುವ ಅದಕ್ಕೆ ಗೊಂಬೆಯ ಗದ್ದದ ಕೆಳಗಿನ ಜಾಗ ಸಿಗುವುದೇ ಇಲ್ಲ. ಇನ್ನೊಂದು ಮಾತು, ಕಿನ್ನಾಳದ ಚಿತ್ರಗಾರರು ಹಗುರ ಮರವನ್ನು ಬರೀ ಕೆತ್ತಿ ನಿಲ್ಲಿಸುವುದಿಲ್ಲ. ಮರದ ಹೊಟ್ಟು, ಹುಣಸೆ ಬೀಜದ ಅಂಟು ಸೇರಿಸಿ ಮೇಲೆ ಮೆತ್ತಿ ರೂಪ ಕೊಡುತ್ತಾರೆ. ಸಿಎನ್‌ಸಿಗೆ ತೆಗೆಯುವುದು ಗೊತ್ತು, ಮೆತ್ತುವುದು ಗೊತ್ತಿಲ್ಲ.

ಹಾಗಾದರೆ ಏನಾಗುತ್ತದೆ? ಬಾಗಿಲ ಮೇಲಿನ ನಾಮಫಲಕ, ಅಳಿಗುಳಿ ಮಣೆ, ಚೌಕಾಬಾರದ ಹಲಗೆ, ದೇವರಕೋಣೆಯ ಜಾಲಂಧ್ರ, ಟ್ರೇ. ಹೊಸಬರು ನಾಮಫಲಕದಿಂದ ಶುರುಮಾಡುವುದು ಒಳ್ಳೆಯದು. ಅದೊಂದರಲ್ಲೇ ಕಲಿಯಬೇಕಾದದ್ದು ಬಹುಪಾಲು ಬಂದುಹೋಗುತ್ತದೆ.

ಯಾವ ಯಂತ್ರ

ಮಾರುಕಟ್ಟೆಯಲ್ಲಿ ಹೆಚ್ಚಾಗಿ ಸಿಗುವುದು ‘3018’. ಆ ಸಂಖ್ಯೆಯೇ ಕೆಲಸದ ಜಾಗದ ಅಳತೆ: ಸುಮಾರು 300 ಮಿ.ಮೀ. ಉದ್ದ, 180 ಮಿ.ಮೀ. ಅಗಲ. ಬಿಡಿಭಾಗಗಳಾಗಿ ಬರುತ್ತದೆ, ನಾವೇ ಜೋಡಿಸಿಕೊಳ್ಳಬೇಕು. ಇದರ ಮಿದುಳು ಜಿಆರ್‌ಬಿಎಲ್ ಎಂಬ ಮುಕ್ತ ತಂತ್ರಾಂಶ. ನಾರ್ವೆಯ ಸಿಮೆನ್ ಸ್ವಾಲೆ ಸ್ಕೋಗ್‌ಸ್ರುಡ್ 2009ರಲ್ಲಿ ಬರೆದ ಇದು ಇಂದು ಹವ್ಯಾಸಿ ಯಂತ್ರಗಳಲ್ಲಿ ಬಹುತೇಕ ಎಲ್ಲೆಡೆ ಇದೆ. ತೇಗದ ದಪ್ಪ ಹಲಗೆಯನ್ನು ದಿನವಿಡೀ ಕೊಯ್ಯುವ ಆಸೆ ಇದ್ದರೆ 3018 ಸಾಲದು, ಅದರ ಮೈ ಅಲುಗುತ್ತದೆ. ಕಲಿಯಲು ಮಾತ್ರ ಸಾಕು. ಕೈಯಲ್ಲಿರುವ ಹಣವನ್ನೆಲ್ಲ ಯಂತ್ರಕ್ಕೇ ಸುರಿಯಬೇಡಿ. ಬಿಟ್, ಕ್ಲ್ಯಾಂಪ್, ವ್ಯಾಕ್ಯೂಮ್ ಕ್ಲೀನರ್, ಮಾಸ್ಕ್, ಕನ್ನಡಕ ಇವಕ್ಕೂ ಬೇಕು.

ಜೋಡಿಸುವಾಗ ಗುನ್ಯ (ಮೂಲೆಮಟ್ಟ) ಹಿಡಿದು ಮೂಲೆಗಳನ್ನು ನೋಡಿಕೊಳ್ಳಿ. ಬಡಿಗೇರರಿಗೆ ಇದನ್ನು ಹೇಳಬೇಕಾಗಿಲ್ಲ, ಕಂಪ್ಯೂಟರ್ ಕಡೆಯಿಂದ ಬಂದವರೇ ಮರೆಯುವುದು. ಆಮೇಲೆ ಅಳತೆ ಪರೀಕ್ಷೆ. ಯಂತ್ರಕ್ಕೆ 100 ಮಿ.ಮೀ. ಸರಿಯಲು ಹೇಳಿ, ಸ್ಕೇಲ್ ಹಿಡಿದು ಎಷ್ಟು ಸರಿಯಿತೆಂದು ನೋಡಿ. 99 ಮಾತ್ರ ಸರಿದಿದ್ದರೆ, ಸೆಟ್ಟಿಂಗ್‌ನಲ್ಲಿ ಈಗಿರುವ ‘ಸ್ಟೆಪ್ಸ್’ (ಒಂದು ಮಿ.ಮೀ. ಸರಿಯಲು ಮೋಟಾರ್ ಇಡುವ ಹೆಜ್ಜೆ) ಸಂಖ್ಯೆಯನ್ನು 100ರಿಂದ ಗುಣಿಸಿ 99ರಿಂದ ಭಾಗಿಸಿ. 800 ಇದ್ದದ್ದು 808.08 ಆಗಬೇಕು. ಈ ಪರೀಕ್ಷೆ ಮಾಡದೆ ಕೆತ್ತಿದರೆ ವೃತ್ತ ಮೊಟ್ಟೆಯಾಗಿ ಬರುತ್ತದೆ.

ಮೇಜಿನ ಮೇಲೆ 12 ಮಿ.ಮೀ. ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ) ಹಲಗೆಯೊಂದನ್ನು ಸ್ಕ್ರೂ ಹಾಕಿ ಕೂರಿಸಿ. ಬಿಟ್ ಆಳ ತಪ್ಪಿದರೆ ಗಾಯವಾಗುವುದು ಇದಕ್ಕೆ, ಯಂತ್ರಕ್ಕಲ್ಲ. ಕೂರಿಸಿದ ಮೇಲೆ ಅಗಲ ಬಿಟ್ ಹಾಕಿ ಅದರ ಮೈಯನ್ನೆಲ್ಲ ಅರ್ಧ ಮಿ.ಮೀ. ಹೆರೆಯಿರಿ. ಆಗ ಬಿಟ್‌ಗೂ ಮೇಜಿಗೂ ಎಲ್ಲ ಕಡೆ ಒಂದೇ ಅಂತರ ಬರುತ್ತದೆ.

ಕಟ್ಟಿಗೆ

ಮೊದಲು ಎಂಡಿಎಫ್. ಅದಕ್ಕೆ ಗಂಟಿಲ್ಲ, ಎಳೆಯಿಲ್ಲ, ಕೆಟ್ಟದ್ದು ಬಂದರೆ ತಪ್ಪು ನಿಮ್ಮ ಲೆಕ್ಕದ್ದೇ ಎಂದು ಗೊತ್ತಾಗುತ್ತದೆ. ಆಮೇಲೆ ಸಾಮಿಲ್‌ನಲ್ಲಿ ಸಿಗುವ ತೇಗದ, ಬೇವಿನ ತುಂಡುಗಳು. ಹಸಿ ಕಟ್ಟಿಗೆ ಬೇಡ. ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಹಸಿ ಹಲಗೆ ಕೆತ್ತಿದ ಮೇಲೂ ಬಾಗುತ್ತದೆ, ಸೀಳುತ್ತದೆ. ಹಿತ್ತಲಲ್ಲಿ ಬಿಟ್ಟಿ ಸಿಗುತ್ತದೆಂದು ಬಳ್ಳಾರಿ ಜಾಲಿಗೆ ಕೈಹಾಕಬೇಡಿ. ಚಂದದ ಕಂದು ಬಣ್ಣವೇನೋ ಹೌದು, ಆದರೆ ಗಟ್ಟಿ, ಸೊಟ್ಟ. ಬಿಟ್ ತಿರುಗಿಸುವ ಸಣ್ಣ ಸ್ಪಿಂಡಲ್‌ಗೆ ಅದು ಎರಡನೇ ವರ್ಷದ ಪಾಠ.

ಕನ್ನಡ ಅಕ್ಷರದ ತಕರಾರು

ಇಂಗ್ಲಿಷ್ ಹೆಸರು ಕೆತ್ತುವವರಿಗೆ ಇಲ್ಲದ ತೊಡಕು ನಮಗಿದೆ. ‘ಕೊಪ್ಪಳ’ ಎಂದು ಕೆಲವು ವಿನ್ಯಾಸ ತಂತ್ರಾಂಶಗಳಲ್ಲಿ ನೇರ ಟೈಪ್ ಮಾಡಿ ನೋಡಿ, ‘ಪ’ದ ಒತ್ತು ಕೆಳಗಿಳಿಯದೆ ಪಕ್ಕದಲ್ಲಿ ಬಿಡಿಯಾಗಿ ಬಿದ್ದಿರುತ್ತದೆ, ಇಲ್ಲವೇ ಬರೀ ಚೌಕಗಳು ಕಾಣುತ್ತವೆ. ಅದಕ್ಕೆ ಇಂಕ್‌ಸ್ಕೇಪ್ ಎಂಬ ಉಚಿತ ತಂತ್ರಾಂಶದಲ್ಲಿ ಯೂನಿಕೋಡ್‌ನಲ್ಲಿ ಬರೆಯಿರಿ. ನೋಟೊ ಸಾನ್ಸ್ ಕನ್ನಡದಂಥ ದಪ್ಪ ಫಾಂಟ್ ಆರಿಸಿ, ಅಕ್ಷರವನ್ನು ‘ಪಾಥ್’ ಆಗಿ ಬದಲಾಯಿಸಿ. ಈಗ ಅದು ಅಕ್ಷರವಲ್ಲ, ಬರೀ ಗೆರೆ. ಯಾವ ತಂತ್ರಾಂಶಕ್ಕೆ ಕೊಟ್ಟರೂ ಒಡೆಯುವುದಿಲ್ಲ.

ಇಲ್ಲಿಗೆ ನಿಲ್ಲಬೇಡಿ. ಕೆಲವು ಫಾಂಟ್‌ಗಳಲ್ಲಿ ಅಕ್ಷರದ ಮೈ, ಅದರ ಗುಣಿತದ ಕೊಂಬು, ಕೆಳಗಿನ ಒತ್ತು ಬೇರೆ ಬೇರೆ ಗೆರೆಗಳಾಗಿದ್ದು ಒಂದರ ಮೇಲೊಂದು ಹಾಯ್ದಿರುತ್ತವೆ. ಪರದೆಯಲ್ಲಿ ಕಪ್ಪು ತುಂಬಿರುವುದರಿಂದ ಕಾಣುವುದಿಲ್ಲ. ಬಿಟ್ ಮಾತ್ರ ಪ್ರತಿ ಗೆರೆಯನ್ನೂ ನಿಷ್ಠೆಯಿಂದ ಹಿಂಬಾಲಿಸಿ ಅಕ್ಷರದ ಹೊಟ್ಟೆಯೊಳಗೆ ಗೀರು ಹಾಕುತ್ತದೆ. ಎಲ್ಲವನ್ನೂ ಆಯ್ದು ‘ಯೂನಿಯನ್’ ಕೊಟ್ಟರೆ ಒಂದೇ ಹೊರಗೆರೆ ಉಳಿಯುತ್ತದೆ. ಎಸ್‌ವಿಜಿ ಕಡತವಾಗಿ ಉಳಿಸಿಕೊಳ್ಳಿ.

ಅಕ್ಷರಗಳನ್ನು ಆರಪಾರ ಕೊಯ್ದು ಜಾಲಂಧ್ರದಂತೆ ಮಾಡುವುದಾದರೆ ಸೊನ್ನೆ, ‘ಠ’, ‘ರ’ಗಳ ನಡುವಿನ ತುಂಡು ಕಳಚಿ ಬೀಳುತ್ತದೆ. ಸಣ್ಣ ಸೇತುವೆ ಬಿಡಬೇಕು. ಒತ್ತಕ್ಷರಗಳ ಸಂದು ಬಿಟ್‌ಗಿಂತ ಕಿರಿದಾಗಿದ್ದರೆ ಅಲ್ಲಿ ಬಿಟ್ ಹೋಗುವುದೇ ಇಲ್ಲ. ಅಕ್ಷರ ದೊಡ್ಡದು ಮಾಡಿ, ಇಲ್ಲವೇ ಚೂಪು ಮೊನೆಯ ‘ವಿ’ ಬಿಟ್ ಬಳಸಿ.

‘ವಿ’ ಬಿಟ್‌ಗೆ ಒಂದು ಲೆಕ್ಕ ಇದೆ. ಗೆರೆ ಅಗಲವಾದಷ್ಟೂ ಅದು ಆಳಕ್ಕೆ ಇಳಿಯುತ್ತದೆ. 60 ಡಿಗ್ರಿಯ ಬಿಟ್ 6 ಮಿ.ಮೀ. ಅಗಲದ ಗೆರೆಗೆ ಸುಮಾರು 5.2 ಮಿ.ಮೀ. ಇಳಿಯುತ್ತದೆ. ಹಲಗೆ 6 ಮಿ.ಮೀ. ದಪ್ಪದ್ದಿದ್ದರೆ ಬುಡದಲ್ಲಿ ಉಳಿಯುವುದು ಕಾಗದದ ಕೆಲವು ಹಾಳೆಗಳಷ್ಟು ಮಾತ್ರ.

ಇದೇ ಬಗೆಯ ಇನ್ನೊಂದು ಮಿತಿ ಮೂಲೆಗಳದು. ಇಟಗಿಯ ಮಹಾದೇವ ದೇವಾಲಯದ ಚಿತ್ತಾರವನ್ನು ಫೋಟೊ ಹಿಡಿದು ಮನೆಯ ಜಾಲಂಧ್ರಕ್ಕೆ ಇಳಿಸಬೇಕೆಂಬ ಆಸೆ ಯಾರಿಗಾದರೂ ಬರುವಂಥದ್ದೇ. 1112ರಲ್ಲಿ ಕಟ್ಟಿದ ಆ ದೇವಾಲಯದ ಶಿಲ್ಪಿಯ ಉಳಿಗೆ ಒಳಮೂಲೆಯನ್ನು ಚೂಪಾಗಿ ಬಿಡಿಸಲು ಬರುತ್ತಿತ್ತು. ತಿರುಗುವ ಬಿಟ್‌ಗೆ ಬರುವುದಿಲ್ಲ. 3.175 ಮಿ.ಮೀ. ಬಿಟ್ ಪ್ರತಿ ಒಳಮೂಲೆಯಲ್ಲೂ 1.6 ಮಿ.ಮೀ. ತ್ರಿಜ್ಯದ ಗುಂಡು ಉಳಿಸುತ್ತದೆ. ಚೂಪು ಬೇಕಿದ್ದರೆ ಕೊನೆಗೆ ಉಳಿ ಹಿಡಿಯಬೇಕಾದದ್ದು ನೀವೇ.

ವೇಗ, ಆಳ, ಪುಡಿಯ ಬಣ್ಣ

ಗೆರೆಯನ್ನು ಓಟದ ದಾರಿಯಾಗಿಸಿ ಜಿ-ಕೋಡ್ (ಯಂತ್ರ ಓದುವ ಆದೇಶಗಳ ಪಟ್ಟಿ) ಬರೆಯಲು ತಂತ್ರಾಂಶಗಳಾದ ಈಸೆಲ್, ಕಾರ್ಬೈಡ್ ಕ್ರಿಯೇಟ್, ಫ್ರೀಕ್ಯಾಡ್‌ಗಳಿವೆ. ಅವು ನಿಮ್ಮನ್ನು ಕೇಳುವುದು ಮುಖ್ಯವಾಗಿ ಮೂರು: ಬಿಟ್ ಎಷ್ಟು ಸುತ್ತು ತಿರುಗಬೇಕು, ಎಷ್ಟು ವೇಗದಲ್ಲಿ ಮುಂದೆ ಸಾಗಬೇಕು, ಒಂದು ಸಲಕ್ಕೆ ಎಷ್ಟು ಆಳ. ಲೆಕ್ಕ ಸರಳ. ನಿಮಿಷದ ಸುತ್ತು, ಬಿಟ್‌ನ ಅಲಗುಗಳ ಸಂಖ್ಯೆ, ಒಂದೊಂದು ಅಲಗು ಕಚ್ಚುವ ತುಣುಕಿನ ದಪ್ಪ, ಈ ಮೂರರ ಗುಣಲಬ್ಧವೇ ಸಾಗುವ ವೇಗ. 10,000 ಸುತ್ತು, 2 ಅಲಗು, 0.05 ಮಿ.ಮೀ. ತುಣುಕು ಎಂದರೆ ನಿಮಿಷಕ್ಕೆ 1000 ಮಿ.ಮೀ. 3018ರಂಥ ಹಗುರ ಯಂತ್ರದಲ್ಲಿ ಮೊದಲಿಗೆ 600, ಆಳ ಅರ್ಧ ಮಿ.ಮೀ. ಇಟ್ಟುಕೊಳ್ಳಿ. 2 ಮಿ.ಮೀ. ಆಳದ ಅಕ್ಷರಕ್ಕೆ ಅದೇ ದಾರಿಯಲ್ಲಿ 4 ಸಲ ಓಡಲಿ, ಅವಸರವೇನಿದೆ?

ಹೊಸಬರು ಎಡವುವುದು ಇಲ್ಲೇ. ಕಟ್ಟಿಗೆ ಸುಟ್ಟ ವಾಸನೆ ಬಂತೆಂದು ಯಂತ್ರವನ್ನು ಇನ್ನೂ ನಿಧಾನ ಮಾಡುತ್ತಾರೆ, ಸುಡುವುದು ಇನ್ನೂ ಹೆಚ್ಚುತ್ತದೆ. ಬಿಟ್ ಕಚ್ಚಬೇಕು, ಉಜ್ಜಬಾರದು. ತುಣುಕು ಹಾರಿ ಹೋಗುವಾಗ ಬಿಸಿಯನ್ನೂ ಹೊತ್ತೊಯ್ಯುತ್ತದೆ. ಪುಡಿ ಪೌಡರ್‌ನಂತೆ ನುಣ್ಣಗೆ ಬೀಳುತ್ತಿದ್ದರೆ, ಕಪ್ಪಾಗುತ್ತಿದ್ದರೆ ಸುತ್ತು ಇಳಿಸಿ, ಇಲ್ಲವೇ ಸಾಗುವ ವೇಗ ಏರಿಸಿ. ಅಷ್ಟಾದರೂ ಸುಟ್ಟರೆ ಬಿಟ್ ಮೊಂಡಾಗಿದೆ. ತೇಗದಲ್ಲಿ ಸಣ್ಣ ಚಕ್ಕೆ ಕಾಣಬೇಕು. ಎಂಡಿಎಫ್‌ನಲ್ಲಿ ಹೇಗೂ ಪುಡಿಯೇ ಬರುವುದರಿಂದ ಅಲ್ಲಿ ವಾಸನೆ, ಸದ್ದುಗಳನ್ನೇ ನಂಬಬೇಕು. ಯಂತ್ರ ನಡುಗಿ ಕಿರುಚುತ್ತಿದ್ದರೆ ಆಳ ಜಾಸ್ತಿಯಾಗಿದೆ ಎಂದರ್ಥ.

ಬಿಗಿ, ಸೊನ್ನೆ, ಗಾಳಿಯಲ್ಲಿ ತಾಲೀಮು

ಹಲಗೆ ಕೂದಲೆಳೆಯಷ್ಟು ಸರಿದರೂ ಕೆಲಸ ಹೋಯಿತು. ಕ್ಲ್ಯಾಂಪ್ ಬಿಟ್‌ನ ದಾರಿಗೆ ಅಡ್ಡ ಬಂದರೆ ಮುರಿಯುವುದು ಬಿಟ್. ತೆಳು ಹಲಗೆಗೆ ಒಳ್ಳೆಯ ಉಪಾಯವೊಂದಿದೆ. ಮೇಜಿಗೂ ಹಲಗೆಯ ಅಡಿಗೂ ಮಾಸ್ಕಿಂಗ್ ಟೇಪ್ ಅಂಟಿಸಿ, ಎರಡು ಟೇಪ್‌ಗಳ ನಡುವೆ ಫೆವಿಕ್ವಿಕ್‌ನಂಥ ಅಂಟು ಹನಿಸಿ ಒತ್ತಿಹಿಡಿಯಿರಿ. ಗಟ್ಟಿಯಾಗಿ ಕೂರುತ್ತದೆ, ಕೆಲಸ ಮುಗಿದ ಮೇಲೆ ಟೇಪ್ ಸುಲಿದರೆ ಕಲೆ ಇರುವುದಿಲ್ಲ. ಹೊರಗೆರೆ ಪೂರ್ತಿ ಕೊಯ್ಯುವಾಗ ನಾಲ್ಕು ಕಡೆ ‘ಟ್ಯಾಬ್’ (ಕೊಯ್ಯದ ಸಣ್ಣ ಸೇತುವೆ) ಬಿಡಿ, ಇಲ್ಲದಿದ್ದರೆ ಬಿಡುಗಡೆಯಾದ ಫಲಕ ಬಿಟ್‌ಗೆ ಸಿಕ್ಕಿ ಹಾರುತ್ತದೆ.

ಸೊನ್ನೆ ಗುರುತಿಸಲು ಹಲಗೆಯ ಮೇಲೆ ಕಾಗದದ ಚೂರಿಟ್ಟು, ಅದನ್ನು ಅಲ್ಲಾಡಿಸುತ್ತ ಬಿಟ್ ಇಳಿಸಿ. ಕಾಗದ ಹಿಡಿದುಕೊಂಡಾಗ ನಿಲ್ಲಿಸಿ, ಅಲ್ಲಿ ಝಡ್ ಸೊನ್ನೆ, ಅಂದರೆ ಆಳದ ಅಳತೆ ಶುರುವಾಗುವ ಜಾಗ. ಮೊದಲ ಓಟ ಕಟ್ಟಿಗೆಯ ಮೇಲಲ್ಲ. ಸೊನ್ನೆಯನ್ನು 10 ಮಿ.ಮೀ. ಎತ್ತರಕ್ಕಿಟ್ಟು ಇಡೀ ಕಾರ್ಯಕ್ರಮವನ್ನು ಗಾಳಿಯಲ್ಲೇ ಓಡಿಸಿ. ಎಲ್ಲಿ ಕ್ಲ್ಯಾಂಪ್‌ಗೆ ತಾಗಲಿದೆ, ಎಲ್ಲಿ ಹಲಗೆಯಾಚೆ ಹೋಗಲಿದೆ ಎಂಬುದು ಕಣ್ಣಿಗೇ ಕಾಣುತ್ತದೆ.

ಕರೆಂಟ್, ಕೆಂಧೂಳು

ಕೆತ್ತನೆಯ ನಡುವೆ ಕರೆಂಟ್ ಹೋದರೆ ಯಂತ್ರಕ್ಕೆ ತಾನೆಲ್ಲಿದ್ದೆ ಎಂಬುದು ಮರೆತುಹೋಗುತ್ತದೆ. ಲಿಮಿಟ್ ಸ್ವಿಚ್ (ಓಟದ ಕೊನೆ ಗುರುತಿಸುವ ಗುಂಡಿ) ಇರುವ ಯಂತ್ರವಾದರೆ ಅದನ್ನು ತಾಗುವವರೆಗೆ ಸರಿಸಿ, ಅಂದರೆ ಮತ್ತೆ ‘ಹೋಮಿಂಗ್’ ಮಾಡಿ ಹಳೆಯ ಸೊನ್ನೆಗೆ ಮರಳಬಹುದು, ಜಿಆರ್‌ಬಿಎಲ್ ಅದನ್ನು ನೆನಪಿಟ್ಟಿರುತ್ತದೆ. ಆದ್ದರಿಂದ ಕೊಳ್ಳುವಾಗ ಬಿಟ್ ಪೊಟ್ಟಣ ಕಡಿಮೆಯಾದರೂ ಚಿಂತೆಯಿಲ್ಲ, ಲಿಮಿಟ್ ಸ್ವಿಚ್ ಇರಲಿ. ಲ್ಯಾಪ್‌ಟಾಪ್ ನಿದ್ದೆಗೆ ಜಾರದಂತೆ ಸೆಟ್ಟಿಂಗ್ ಬದಲಿಸಿ.

ಬೇಸಿಗೆಯ ಒಣ ಹವೆಯಲ್ಲಿ ಇನ್ನೊಂದು ಕಾಟ. ವ್ಯಾಕ್ಯೂಮ್ ಪೈಪಿನಲ್ಲಿ ಪುಡಿ ಉಜ್ಜಿ ಸ್ಥಿರವಿದ್ಯುತ್ ಹುಟ್ಟುತ್ತದೆ, ಅದು ಕಿಡಿ ಹಾರಿಸಿದರೆ ಯುಎಸ್‌ಬಿ ಸಂಪರ್ಕ ತಪ್ಪಿ ಯಂತ್ರ ನಡುದಾರಿಯಲ್ಲಿ ನಿಲ್ಲುತ್ತದೆ. ಪೈಪಿನುದ್ದಕ್ಕೂ ತಂತಿ ಸುತ್ತಿ ಅರ್ಥಿಂಗ್‌ಗೆ ಜೋಡಿಸಿ. ಇನ್ನು ಸಂಡೂರು, ತೋರಣಗಲ್ಲು ಕಡೆಯವರ ಮನೆಗೆ ಬರುವ ಕೆಂಧೂಳು. ಸ್ಕ್ರೂ ರಾಡ್‌ಗೆ ಎಣ್ಣೆ ಬಳಿದರೆ ಧೂಳು, ಹೊಟ್ಟು ಸೇರಿ ಉಪ್ಪುಕಾಗದದಂತೆ ನಟ್ ಸವೆಸುತ್ತವೆ. ಒಣ ಲೂಬ್ರಿಕೆಂಟ್ ಸಾಕು, ಕೆಲಸವಿಲ್ಲದಾಗ ಬಟ್ಟೆ ಹೊದಿಸಿ.

ನಿಮ್ಮ ಎದೆಗೂಡಿನ ಬಗ್ಗೆಯೂ ಯೋಚಿಸಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮರದ ಧೂಳನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿ ಇಟ್ಟಿದೆ. ಎನ್-95 ಮಾಸ್ಕ್ ಹಾಕಿ. ಕನ್ನಡಕ ಹಾಕಿ. ಕೈಗವಸು ಮಾತ್ರ ಬೇಡ, ತಿರುಗುವ ಬಿಟ್ ಅದನ್ನು ಬೆರಳಸಮೇತ ಎಳೆದುಕೊಳ್ಳುತ್ತದೆ. ಹೆಗಲ ಮೇಲಿನ ಟವೆಲ್, ಸೀರೆ ಸೆರಗು, ಬಿಚ್ಚಿದ ಕೂದಲು ಕಟ್ಟಿಕೊಳ್ಳಿ. ಯಂತ್ರ ಓಡುತ್ತಿರುವಾಗ ‘ಚಾ ಕುಡಿದು ಬರ್ತೀನಿ’ ಎಂದು ಎದ್ದು ಹೋಗಬೇಡಿ. ಸುಟ್ಟ ಪುಡಿಯ ಒಂದು ಕಿಡಿ ವ್ಯಾಕ್ಯೂಮ್‌ನ ಹೊಟ್ಟಿಗೆ ಬಿದ್ದರೆ ಒಳಗೊಳಗೇ ಹೊಗೆಯಾಡುತ್ತದೆ.

ಕೊನೆಯ ಕೈಕೆಲಸ

ಟ್ಯಾಬ್ ಕತ್ತರಿಸಿ, 120, ಆಮೇಲೆ 220 ನಂಬರಿನ ಉಪ್ಪುಕಾಗದದಿಂದ ಎಳೆಯ ಉದ್ದಕ್ಕೇ ಉಜ್ಜಿ. ಅಕ್ಷರಕ್ಕೆ ಬಣ್ಣ ತುಂಬುವುದಿದ್ದರೆ ಮೊದಲು ಇಡೀ ಫಲಕಕ್ಕೆ ಅರಗಿನ ಪಾಲಿಶ್ ಒಂದು ಕೈ ಬಳಿದು ಒಣಗಿಸಿ, ಇಲ್ಲದಿದ್ದರೆ ಬಣ್ಣ ಎಳೆಗಳಗುಂಟ ಹರಡುತ್ತದೆ. ಬಣ್ಣ ಒಣಗಿದ ಮೇಲೆ ಮೇಲ್ಮೈಯನ್ನು ಮತ್ತೊಮ್ಮೆ ಉಜ್ಜಿದರೆ ಅಕ್ಷರದೊಳಗಿನ ಬಣ್ಣ ಮಾತ್ರ ಉಳಿಯುತ್ತದೆ. ಅಗಸೆ ಎಣ್ಣೆ ಸವರುವವರು ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಣಗುವಾಗ ಆ ಎಣ್ಣೆ ಬಿಸಿಯಾಗಿ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಲ್ಲದು. ಹೊರಗೆ ನೆರಳಿನಲ್ಲಿ ಹರವಿ ಒಣಗಿಸಿ, ಇಲ್ಲವೇ ನೀರಲ್ಲಿ ನೆನೆಸಿಡಿ.